ನೆರಳು ತೆಗೆದ ವರ್ಷ

ಕಾಫಿ ಗಿಡಕ್ಕೆ ಸೇರಬೇಕಾದ ಬಿಸಿಲನ್ನು ನೆರಳಿನ ಮರಗಳು ತಿಂದುಹಾಕುತ್ತವೆ ಎಂದು ನಾನು ಬಹಳ ಕಾಲ ನಂಬಿದ್ದೆ. ಶಾಲೆಯಲ್ಲಿ ಕಲಿತ ದ್ಯುತಿಸಂಶ್ಲೇಷಣೆಯ ಪಾಠ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನೀರು, ಇಂಗಾಲದ ಡೈಆಕ್ಸೈಡ್, ಬೆಳಕು ಸೇರಿದರೆ ಸಕ್ಕರೆ ಆಗುತ್ತದೆ, ಆಮ್ಲಜನಕ ಹೊರಬರುತ್ತದೆ. ಮಲೆನಾಡಿನಲ್ಲಿ ನೀರಿಗೆ ಬರವಿಲ್ಲ, ಗಾಳಿ ಎಲ್ಲೆಲ್ಲೂ ಇದೆ. ಉಳಿದದ್ದು ಬೆಳಕು. ಅದನ್ನು ಹೆಚ್ಚಿಸಿದರೆ ಫಸಲು ಹೆಚ್ಚಲೇಬೇಕು. ಈ ಲೆಕ್ಕವನ್ನು ನಂಬಿ ನಾನು ತೋಟದ ಒಂದು ಇಡೀ ಪಟ್ಟೆಯನ್ನು ಕಳೆದುಕೊಂಡೆ.

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಅರೇಬಿಕಾ ತೋಟ. ಅಪ್ಪನ ಕಾಲದಿಂದಲೂ ಎರಡು ಅಂತಸ್ತಿನ ನೆರಳು. ಕೆಳಗೆ ಹಾಲವಾಣ, ಅದರ ಮೇಲೆ ಅತ್ತಿ, ಬಸರಿ, ಹಲಸು, ನಂದಿ, ಅಲ್ಲಲ್ಲಿ ಸಿಲ್ವರ್ ಓಕ್. ಮಧ್ಯಾಹ್ನ ತೋಟದೊಳಗೆ ನಡೆದರೆ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಮಾತ್ರ ಓಡಾಡುತ್ತಿದ್ದವು. ತೋಟ ನನ್ನ ಕೈಗೆ ಬಂದಾಗ ಇಳುವರಿ ಹಲವು ವರ್ಷಗಳಿಂದ ಒಂದೇ ಮಟ್ಟದಲ್ಲಿ ನಿಂತಿತ್ತು. ಬ್ರೆಜಿಲ್‌ನ ತೋಟಗಳ ಚಿತ್ರಗಳನ್ನು ನೋಡುತ್ತಿದ್ದೆ. ಅಲ್ಲಿ ಬಹುಪಾಲು ಕಾಫಿ ಬಯಲಲ್ಲೇ ಬೆಳೆಯುತ್ತದೆ, ಗುಡ್ಡದ ತುದಿಯವರೆಗೂ ಸಾಲುಸಾಲು ಗಿಡ, ಒಂದು ಮರವೂ ಕಾಣುವುದಿಲ್ಲ. ಅವರಿಗೆ ಆಗುವುದು ನಮಗೇಕೆ ಆಗಬಾರದು ಎಂಬ ಯೋಚನೆ ಬಂತು. ಅದೇ ಹೊತ್ತಿಗೆ ಸಿಲ್ವರ್ ಮರಕ್ಕೆ ಒಳ್ಳೆಯ ಬೆಲೆಯೂ ಇತ್ತು. ಈ ಎರಡನೆಯ ಕಾರಣವನ್ನು ನಾನು ಆಗ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹಣ ಬೇಕಿತ್ತು. ವಿಜ್ಞಾನವನ್ನು ಅದಕ್ಕೆ ಮುಂದಿಟ್ಟುಕೊಂಡೆ.

ಮರಗಸಿ ಮಾಡುವ ಕಾಲ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಬೇಸಿಗೆಯಿಡೀ ನೆರಳು ಕಾಪಾಡಿ, ಮುಂಗಾರು ಹಿಡಿಯುವ ಮುಂಚೆ ಕೊಂಬೆ ತೆಗೆದು ತೆರವು ಮಾಡಬೇಕು. ಮಳೆಗಾಲದ ಮೋಡದಲ್ಲಿ ಗಿಡಕ್ಕೆ ಇರುವ ಬೆಳಕೇ ಕಡಿಮೆ, ಆಗ ತೆರವು ಬೇಕು. ನಾನು ಕೊಯ್ಲು ಮುಗಿದ ಕೂಡಲೇ, ಫೆಬ್ರವರಿಯಲ್ಲೇ ಆಳುಗಳನ್ನು ಹತ್ತಿಸಿದೆ. ಆಗ ಆಳು ಸುಲಭವಾಗಿ ಸಿಗುತ್ತಿದ್ದರು, ಸಿಲ್ವರ್ ಕೊಳ್ಳುವವರೂ ಅವಸರ ಮಾಡುತ್ತಿದ್ದರು. ಅಪ್ಪನ ಕಾಲದಿಂದ ಇದ್ದ ಮೇಸ್ತ್ರಿ ಒಂದೇ ಮಾತು ಹೇಳಿದರು. "ಅಯ್ಯಾ, ಬೇಸಿಗೆ ಕಳೀಲಿ. ಮಳೆ ಹಿಡಿಯೋ ಹೊತ್ತಿಗೆ ಕಸಿ ಮಾಡಣ. ಈಗ ತೆಗೆದ್ರೆ ಗಿಡ ತಡಕಳಲ್ಲ." ಯಾಕೆ ತಡೆದುಕೊಳ್ಳುವುದಿಲ್ಲ ಎಂದು ಕೇಳಿದೆ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಉತ್ತರ ಇಲ್ಲದ್ದನ್ನೇ ನನ್ನ ಗೆಲುವು ಎಂದುಕೊಂಡೆ. ಒಂದೇ ತಿಂಗಳಲ್ಲಿ ಆ ಪಟ್ಟೆಯ ಸಿಲ್ವರ್ ಪೂರ್ತಿ ಹೋಯಿತು, ಹಾಲವಾಣ ಬೋಳಾಯಿತು, ಕಾಡುಮರಗಳಲ್ಲಿ ತುದಿಯ ಕೊಂಬೆಗಳಷ್ಟೇ ಉಳಿದವು.

ಮಾರ್ಚ್ ಮೊದಲ ವಾರಗಳಲ್ಲಿ ಎಲೆಗಳ ಬಣ್ಣ ಬದಲಾಯಿತು. ಕಾಫಿ ಎಲೆಗೆ ಎಣ್ಣೆ ಸವರಿದಂಥ ಕಡು ಹಸಿರು ಹೊಳಪು ಇರುತ್ತದೆ. ಅದು ಮೊದಲು ಮಂಕಾಯಿತು. ಪಡುವಣ ಬಿಸಿಲಿಗೆ ಮುಖ ಮಾಡಿದ್ದ ರೆಕ್ಕೆಗಳಲ್ಲಿ, ಅಂದರೆ ಗಿಡದ ಅಡ್ಡ ಕೊಂಬೆಗಳಲ್ಲಿ, ಎಲೆಯ ನಡುಭಾಗ ಹಳದಿಯಾಗಿ, ಆಮೇಲೆ ಬಿಳಿಚಿಕೊಂಡು, ಕೊನೆಗೆ ಕಂದು ಬಣ್ಣದ ಒಣ ತೇಪೆಗಳು ಬಂದವು. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಅಡ್ಡ ಬಂದಿದ್ದ ಕಡೆ, ಮೇಲಿನ ಎಲೆಯನ್ನು ಸರಿಸಿ ನೋಡಿದರೆ, ಅದರ ಆಕಾರದಷ್ಟೇ ಜಾಗ ಕೆಳಗಿನ ಎಲೆಯಲ್ಲಿ ಹಸಿರಾಗಿ ಉಳಿದಿರುತ್ತಿತ್ತು. ಇದನ್ನು ಕಣ್ಣಾರೆ ನೋಡಿಯೂ ನನಗೆ ಅರ್ಥವಾಗಲಿಲ್ಲ. ನೀರಿನ ಕೊರತೆ ಎಂದುಕೊಂಡು ಸ್ಪ್ರಿಂಕ್ಲರ್ ಹಾಕಿಸಿದೆ. ನೀರೇ ಕಾರಣವಾಗಿದ್ದರೆ ಎಲೆ ಇಡಿಯಾಗಿ ಬಾಡಬೇಕಿತ್ತು, ನೆರಳು ಬಿದ್ದ ಜಾಗ ಮಾತ್ರ ಹಸಿರಾಗಿ ಉಳಿಯುತ್ತಿರಲಿಲ್ಲ.

ಮಳೆ ಬಂತು. ಹೊಸ ಚಿಗುರು ಒತ್ತಾಗಿ ಹೊರಟಿತು. ಆ ಎಲೆಗಳು ಹಿಂದಿನವಕ್ಕಿಂತ ಸಣ್ಣ, ದಪ್ಪ, ಬಣ್ಣದಲ್ಲಿ ತಿಳಿ. ಗೆಣ್ಣುಗಳು ಹತ್ತಿರ ಹತ್ತಿರ. ಮರುವರ್ಷ ಹೂಮಳೆ ಬಿದ್ದ ಮೇಲೆ ಆ ಪಟ್ಟೆ ಅರಳಿದ ರೀತಿಯನ್ನು ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ. ಪ್ರತಿ ಗೆಣ್ಣಿನಲ್ಲೂ ಹೂವಿನ ಉಂಡೆ. ಪಕ್ಕದ ತೋಟದವರು ಬಂದು ನೋಡಿ ಹೋದರು. ನಾನೂ ಮರ ಕಡಿಯಬೇಕಾ ಎಂದು ಒಬ್ಬರು ಕೇಳಿದರು, ಕಡಿಯಿರಿ ಎಂದೆ. ನನ್ನ ಮಾತು ಕೇಳಿ ಅವರೂ ಒಂದಷ್ಟು ಮರ ತೆಗೆಸಿದರು. ಅದು ಈಗಲೂ ನನ್ನನ್ನು ಕಾಡುತ್ತದೆ.

ಆಗಸ್ಟ್ ಹೊತ್ತಿಗೆ ರೆಕ್ಕೆಗಳು ಕಾಯಿಯ ಭಾರಕ್ಕೆ ಬಾಗಿದವು. ಸೆಪ್ಟೆಂಬರ್‌ನಲ್ಲಿ ತುದಿಯಿಂದ ಒಣಗತೊಡಗಿದವು. ಕಾಯಿ ಬೆಳೆಯಲು ಕೇಳಿದಷ್ಟು ಸಕ್ಕರೆ ಎಲೆಗಳಿಂದ ಬರಲಿಲ್ಲ, ಗಿಡ ತನ್ನ ಬೇರು ಕಾಂಡಗಳಲ್ಲಿದ್ದ ದಾಸ್ತಾನನ್ನೆಲ್ಲ ಕಾಯಿಗೆ ಕೊಟ್ಟು ಬರಿದಾಯಿತು. ಡೈಬ್ಯಾಕ್ ಎನ್ನುತ್ತಾರಲ್ಲ, ಅದು. ಕಾಯಿ ಗಿಡದಲ್ಲೇ ಕಪ್ಪಾಯಿತು, ಕೊಯ್ದದ್ದರಲ್ಲಿ ಜೊಳ್ಳೇ ಹೆಚ್ಚು. ಅದರ ಹಿಂದೆಯೇ ಬೋರರ್ ಬಂತು. ಅರೇಬಿಕಾದ ಬಿಳಿ ಕಾಂಡಕೊರಕಕ್ಕೆ ಬಿಸಿಲು ಬಿದ್ದ ಕಾಂಡವೇ ಇಷ್ಟ. ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ, ಹುಳು ಒಳಗೆ ಕೊರೆಯುತ್ತದೆ, ಹೊರಗೆ ಕಾಂಡದ ಮೇಲೆ ಉಂಗುರದಂತೆ ಉಬ್ಬು ಕಾಣುತ್ತದೆ. ಟ್ರೇಸಿಂಗ್ ಮಾಡಿಸಿ, ಅಂದರೆ ಹುಳು ಹಿಡಿದ ಗಿಡಗಳನ್ನು ಹುಡುಕಿಸಿ, ಕಿತ್ತು ಸುಟ್ಟ ಗಿಡಗಳಲ್ಲಿ ಅಪ್ಪ ನೆಟ್ಟವೂ ಇದ್ದವು.

ಅಕ್ಕನ ಮಗಳು ಸಸ್ಯಶರೀರಕ್ರಿಯೆಯಲ್ಲಿ ಸಂಶೋಧನೆ ಮಾಡುತ್ತಾಳೆ. ಅದರ ಮುಂದಿನ ಬೇಸಿಗೆಯಲ್ಲಿ ಮನೆಗೆ ಬಂದವಳು ಒಂದು ಸಣ್ಣ ಉಪಕರಣವನ್ನೂ ತಂದಿದ್ದಳು. ಎಲೆಗೆ ಕ್ಲಿಪ್ ಸಿಕ್ಕಿಸಿ ಅರ್ಧ ಗಂಟೆ ಕತ್ತಲಲ್ಲಿಟ್ಟು, ಆಮೇಲೆ ಒಂದು ಕ್ಷಣ ಜೋರು ಬೆಳಕು ಬಿಟ್ಟು, ಎಲೆ ತಿರುಗಿ ಹೊರಬಿಡುವ ಕೆಂಪು ಮಿನುಗನ್ನು ಅಳೆದು, ಎಲೆಯ ಆರೋಗ್ಯ ಹೇಳುವ ಒಂದು ಅಂಕಿ ಕೊಡುತ್ತದೆ. ಮರ ಉಳಿದಿದ್ದ ಪಟ್ಟೆಯ ಎಲೆಯಲ್ಲಿ 0.8 ಬಂತು. ನಾನು ಬೋಳು ಮಾಡಿದ ಪಟ್ಟೆಯಲ್ಲಿ, ಪಡುವಣದ ಎಲೆಗಳಲ್ಲಿ, 0.5ರ ಆಸುಪಾಸು. ಆರೋಗ್ಯವಾಗಿರುವ ಎಲೆ ಯಾವ ಜಾತಿಯ ಗಿಡದ್ದಾದರೂ ಈ ಅಂಕಿ 0.83ರ ಹತ್ತಿರವೇ ಇರುತ್ತದೆ ಎಂದು 1987ರಲ್ಲೇ ಒಲೆ ಬ್ಯೋರ್ಕ್‌ಮನ್ ಮತ್ತು ಬಾರ್ಬರಾ ಡೆಮ್ಮಿಗ್ ಹತ್ತಾರು ಜಾತಿಗಳನ್ನು ಅಳೆದು ತೋರಿಸಿದ್ದರಂತೆ.

"ಮಾವ, ಈ ಎಲೆಗೆ ಬೆಳಕು ಸಾಲದೆ ಹೀಗಾಗಿಲ್ಲ. ಹಿಡಿದ ಬೆಳಕನ್ನು ಎಲ್ಲಿ ಹಾಕಬೇಕು ಅಂತ ಗೊತ್ತಾಗದೆ ಹೀಗಾಗಿದೆ," ಎಂದಳು.

"ಬೆಳಕು ಹಿಡಿಯೋದೇ ತಾನೇ ಎಲೆಯ ಕೆಲಸ?"

"ಹಿಡಿಯೋದು ಅದಕ್ಕೆ ತೀರಾ ಸುಲಭ. ಕಷ್ಟ ಇರೋದು ಆಮೇಲೆ."

ಆ ಸಂಜೆ ಅವಳು ನಾಲ್ಕು ಕಾಫಿ ಎಲೆಗಳನ್ನು ಚೂರು ಮಾಡಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅರೆದಳು. ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಿದಾಗ ಕಡು ಹಸಿರು ರಸ ಬಂತು. ದೀಪ ಆರಿಸಿ, ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ಲೈಟನ್ನು ಲೋಟದ ಪಕ್ಕ ಹಿಡಿದಳು. ಹಸಿರು ರಸ ರಕ್ತದಂತೆ ಕೆಂಪಗೆ ಹೊಳೆಯಿತು. ಲೈಟು ತೆಗೆದರೆ ಮತ್ತೆ ಹಸಿರು. ನಾನು ನೋಟಿನ ಲೈಟನ್ನು ಕೈಗೆ ತೆಗೆದುಕೊಂಡು ಮತ್ತೆ ಮತ್ತೆ ಹಿಡಿದು ನೋಡಿದೆ.

ಅವಳು ವಿವರಿಸಿದ್ದು ಇಷ್ಟು. ಪತ್ರಹರಿತ್ತಿನ ಒಂದು ಅಣುವಿಗೆ ಬೆಳಕಿನ ಒಂದು ಕಣ, ಅಂದರೆ ಫೋಟಾನ್, ತಗುಲಿದರೆ ಅದರ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಆ ಶಕ್ತಿಯನ್ನು ಅಣು ಕೆಲವು ನ್ಯಾನೊಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳಲಾರದು. ಪಕ್ಕದ ಅಣುವಿಗೆ ದಾಟಿಸಬೇಕು, ಇಲ್ಲವೇ ಬೆಳಕಾಗಿಯೋ ಬಿಸಿಯಾಗಿಯೋ ಬಿಟ್ಟುಬಿಡಬೇಕು. ಎಲೆಯೊಳಗೆ ಈ ಅಣುಗಳು ಪ್ರೋಟೀನಿನ ಚೌಕಟ್ಟಿನಲ್ಲಿ ಲೆಕ್ಕಾಚಾರದ ಅಂತರದಲ್ಲಿ ಕೂತಿರುವುದರಿಂದ, ಶಕ್ತಿ ಒಂದರಿಂದ ಒಂದಕ್ಕೆ ದಾಟುತ್ತಾ ಪಿಕೊಸೆಕೆಂಡುಗಳ ಲೆಕ್ಕದಲ್ಲಿ ಪ್ರತಿಕ್ರಿಯಾ ಕೇಂದ್ರವನ್ನು ತಲುಪುತ್ತದೆ. ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ ಎಂದರೆ ಒಂದು ಪಿಕೊಸೆಕೆಂಡ್. ಸ್ಪಿರಿಟ್‌ನಲ್ಲಿ ಆ ಚೌಕಟ್ಟು ಮುರಿದಿದೆ. ಶಕ್ತಿಯನ್ನು ದಾಟಿಸಿಕೊಳ್ಳುವವರಿಲ್ಲ. ಆದ್ದರಿಂದ ಕೆಂಪು ಬೆಳಕಾಗಿ ಹೊರಗೆ ಬೀಳುತ್ತದೆ. ಜೀವಂತ ಎಲೆಯೂ ಹೀಗೆ ಮಿನುಗುತ್ತದೆ, ಆದರೆ ಹಿಡಿದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಅವಳ ಉಪಕರಣ ಓದುತ್ತಿದ್ದದ್ದು ಆ ಸಣ್ಣ ಪಾಲನ್ನು.

ಒಂದು ಕೇಂದ್ರಕ್ಕೆ ಇಷ್ಟೊಂದು ಅಣುಗಳು ಬೆಳಕು ಕೂಡಿಸಿಕೊಡುತ್ತವೆ ಎಂಬ ಸುಳಿವು ಸಿಕ್ಕಿದ್ದು 1932ರಲ್ಲಿ. ರಾಬರ್ಟ್ ಎಮರ್ಸನ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಆರ್ನಾಲ್ಡ್ ಕ್ಲೋರೆಲ್ಲಾ ಎಂಬ ಪಾಚಿಗೆ ಅತಿ ಚಿಕ್ಕ ಮಿಂಚುಗಳಂತೆ ಬೆಳಕು ಬಿಟ್ಟು, ಪ್ರತಿ ಮಿಂಚಿಗೆ ಎಷ್ಟು ಆಮ್ಲಜನಕ ಬರುತ್ತದೆಂದು ಅಳೆದರು. ಸುಮಾರು 2,500 ಪತ್ರಹರಿತ್ತಿನ ಅಣುಗಳಿಗೆ ಒಂದೇ ಒಂದು ಆಮ್ಲಜನಕದ ಅಣು. ಪ್ರತಿ ಅಣುವೂ ತನ್ನಷ್ಟಕ್ಕೆ ಬೆಳಕು ಹಿಡಿದು ತನ್ನಷ್ಟಕ್ಕೆ ಕೆಲಸ ಮಾಡುತ್ತದೆ ಎಂದು ಯೋಚಿಸುತ್ತಿದ್ದವರಿಗೆ ಈ ಅಂಕಿ ಅರಗಲಿಲ್ಲ. ಬಹುಪಾಲು ಅಣುಗಳು ಆಂಟೆನಾದಂತೆ ಬೆಳಕು ಸಂಗ್ರಹಿಸುತ್ತವೆ, ರಾಸಾಯನಿಕ ಕೆಲಸ ನಡೆಯುವುದು ಕೆಲವೇ ಕೇಂದ್ರಗಳಲ್ಲಿ ಎಂಬ ತಿಳಿವು ಅಲ್ಲಿಂದ ಬೆಳೆಯಿತು. ಕಾಡಿನ ಕೆಳಗಿನ ಮಂದ ಬೆಳಕಿನಲ್ಲಿ ಒಂಟಿ ಅಣುವಿಗೆ ಫೋಟಾನ್ ತಗುಲುವುದೇ ಅಪರೂಪ. ನೂರಾರು ಅಣುಗಳು ಒಟ್ಟುಗೂಡಿದರೆ ಮಾತ್ರ ಕೇಂದ್ರಕ್ಕೆ ಬಿಡುವಿಲ್ಲದ ಕೆಲಸ.

ಅರೇಬಿಕಾ ಮೂಲತಃ ಇಥಿಯೋಪಿಯದ ಎತ್ತರದ ಕಾಡುಗಳಲ್ಲಿ, ದೊಡ್ಡ ಮರಗಳ ಕೆಳಗೆ ಬೆಳೆದ ಗಿಡ. ನೆರಳಲ್ಲಿ ಬಿಚ್ಚಿಕೊಂಡ ಅದರ ಎಲೆ ಅಗಲ, ತೆಳು, ಕಡು ಹಸಿರು; ಪ್ರತಿ ಕೇಂದ್ರಕ್ಕೂ ದೊಡ್ಡ ಆಂಟೆನಾ ಕಟ್ಟಿಕೊಂಡಿರುತ್ತದೆ. ಅಪ್ಪನ ತೋಟದ ಎಲೆಗಳ ಹೊಳಪನ್ನು ನಾನು ಬರೀ ಆರೋಗ್ಯದ ಗುರುತು ಎಂದುಕೊಂಡಿದ್ದೆ. ಕಡಿಮೆ ಬೆಳಕಿನಲ್ಲಿ ಒಂದು ಫೋಟಾನೂ ತಪ್ಪದಂತೆ ಹಿಡಿಯಲು ಸಜ್ಜಾದ ಎಲೆಯ ಬಣ್ಣ ಅದು. ಅಂಥ ಎಲೆಗಳ ಮೇಲೆ ನಾನು ಒಮ್ಮೆಗೇ ಫೆಬ್ರವರಿಯ ಪೂರ್ತಿ ಬಿಸಿಲನ್ನು ಹಾಕಿದೆ.

ಲೆಕ್ಕ ಅವಳೇ ಬರೆದು ತೋರಿಸಿದಳು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಪತ್ರಹರಿತ್ತಿನ ಅಣು ಸೆಕೆಂಡಿಗೆ ಸುಮಾರು ಹತ್ತು ಫೋಟಾನ್ ಹಿಡಿಯುತ್ತದೆ. ಒಂದು ಕೇಂದ್ರಕ್ಕೆ ಇನ್ನೂರೈವತ್ತು ಅಣುಗಳೆಂದರೆ ಸೆಕೆಂಡಿಗೆ ಎರಡೂವರೆ ಸಾವಿರ. ಆದರೆ ಕೇಂದ್ರದಿಂದ ಎಲೆಕ್ಟ್ರಾನ್‌ಗಳು ಮುಂದಕ್ಕೆ ಸಾಗುವ ದಾರಿಯಲ್ಲಿ ಒಂದು ಇಕ್ಕಟ್ಟು ಇದೆ. ಅಲ್ಲಿ ಸೆಕೆಂಡಿಗೆ ಕೆಲವು ನೂರಷ್ಟೇ ದಾಟುತ್ತವೆ. ಅದಕ್ಕಿಂತ ಮುಂದೆ, ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ರುಬಿಸ್ಕೊ ಎಂಬ ಕಿಣ್ವ ಸೆಕೆಂಡಿಗೆ ಮೂರರ ಆಸುಪಾಸು ಅಣುಗಳನ್ನು ಮಾತ್ರ ನಿಭಾಯಿಸುತ್ತದೆ. ಕೊಯ್ಲಿನ ಭರಾಟೆಯಲ್ಲಿ ಹಣ್ಣು ಸುಲಿಯುವ ಪಲ್ಪರ್ ಎಳೆಯುವುದಕ್ಕಿಂತ ಹೆಚ್ಚು ಹಣ್ಣು ಬಂದು ಬಿದ್ದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು: ಮೂಟೆಯೊಳಗೆ ಬಿಸಿಯೇರಿ ಹುಳಿ ಹಿಡಿಯುತ್ತದೆ, ಒಳ್ಳೆಯ ಹಣ್ಣೂ ಕೆಡುತ್ತದೆ. ಎಲೆಯೊಳಗೆ ಅದು ನಡೆಯುವುದು ಕಣ್ಣು ಮಿಟುಕಿಸುವುದಕ್ಕೂ ಮೊದಲು.

ಕಾಫಿಯಲ್ಲಿ ಇನ್ನೂ ಒಂದು ತೊಡಕು. ಹವೆ ಒಣಗಿದರೆ ಅದರ ಪತ್ರರಂಧ್ರಗಳು ಬೇಗ ಮುಚ್ಚಿಕೊಳ್ಳುತ್ತವೆ. ಬೇಸಿಗೆಯ ಮಧ್ಯಾಹ್ನ ಬೆಳಕು ತುಂಬಿ ಸುರಿಯುವ ಹೊತ್ತಿಗೇ ಇಂಗಾಲದ ಡೈಆಕ್ಸೈಡ್ ಒಳಬರುವ ಬಾಗಿಲು ಮುಚ್ಚಿರುತ್ತದೆ. ನೆಲಕ್ಕೆ ನೀರು ಬಿಟ್ಟರೂ ಗಾಳಿಯ ಒಣಗಿದ ಗುಣ ಹೋಗುವುದಿಲ್ಲ. ನನ್ನ ಸ್ಪ್ರಿಂಕ್ಲರ್ ಯಾಕೆ ಕೈಕೊಟ್ಟಿತು ಎಂದು ಆಗ ಗೊತ್ತಾಯಿತು. ಮರಗಳು ಬೆಳಕನ್ನು ತಡೆಯುವುದರ ಜೊತೆಗೆ ಕೆಳಗಿನ ಗಾಳಿಯನ್ನು ತಂಪಾಗಿ, ತೇವವಾಗಿ ಇಡುತ್ತಿದ್ದವು; ರಂಧ್ರಗಳು ಹೆಚ್ಚು ಹೊತ್ತು ತೆರೆದಿರುತ್ತಿದ್ದವು. ಪೂರ್ತಿ ಬಿಸಿಲಿನ ಮೂರನೇ ಒಂದು ಪಾಲು ಸಿಕ್ಕರೆ ಕಾಫಿ ಎಲೆಯ ಸಕ್ಕರೆ ತಯಾರಿಕೆ ತನ್ನ ಮೇಲ್ಮಟ್ಟವನ್ನು ಮುಟ್ಟುತ್ತದೆ. ಉಳಿದದ್ದು ಎಲೆಗೆ ಹೊರೆ.

ದಾರಿ ಕಾಣದ ಶಕ್ತಿ ಸುಮ್ಮನಿರುವುದಿಲ್ಲ. ಪತ್ರಹರಿತ್ತು ಅದನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸಿಬಿಡುತ್ತದೆ, ಆ ಆಮ್ಲಜನಕ ಉಗ್ರವಾಗಿ ಸುತ್ತಲಿನ ಪೊರೆ, ಪ್ರೋಟೀನು, ಕೊನೆಗೆ ಪತ್ರಹರಿತ್ತನ್ನೇ ಸುಡುತ್ತದೆ. ಎಲೆ ಇದನ್ನು ತಡೆಯಲು ಎಷ್ಟೊಂದು ಪಾಡು ಪಡುತ್ತದೆಂದು ಕೇಳಿದಾಗ ನನಗೆ ನಿಜಕ್ಕೂ ನೋವಾಯಿತು. ಬಿಸಿಲೇರಿದ ಕೆಲವೇ ನಿಮಿಷಗಳಲ್ಲಿ ಎಲೆ ತನ್ನೊಳಗಿನ ಒಂದು ಹಳದಿ ವರ್ಣದ್ರವ್ಯವನ್ನು ಜಿಯಾಕ್ಸಾಂಥಿನ್ ಆಗಿ ಬದಲಿಸಿಕೊಳ್ಳುತ್ತದೆ. ಮುಸುಕಿನ ಜೋಳದ ಕಾಳಿಗೆ ಬಣ್ಣ ಕೊಡುವವುಗಳಲ್ಲಿ ಅದೂ ಒಂದು. ಅದರ ನೆರವಿನಿಂದ ಆಂಟೆನಾ ಹೆಚ್ಚುವರಿ ಶಕ್ತಿಯನ್ನು ಕೇಂದ್ರಕ್ಕೆ ಕಳಿಸದೆ ಬಿಸಿಯಾಗಿ ಹೊರಹಾಕುತ್ತದೆ. ಅದೂ ಸಾಲದೇ ಹೋದರೆ ಏಟು ಬೀಳುವುದು ಕೇಂದ್ರದಲ್ಲಿರುವ ಡಿ1 ಎಂಬ ಪ್ರೋಟೀನಿಗೆ. ನೀರನ್ನು ಸೀಳಿ ಆಮ್ಲಜನಕ ಬಿಡುವ ಜಾಗ ಅದರ ಪಕ್ಕದಲ್ಲೇ ಇದೆ. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಸೇರಿದ ಗೊಂಚಲು. ಮುರಿದ ಡಿ1 ಅನ್ನು ಎಲೆ ಕಿತ್ತುಹಾಕಿ ಹೊಸದನ್ನು ಹೆಣೆದು ಕೂರಿಸುತ್ತದೆ. ಬಿಸಿಲಿನಲ್ಲಿರುವ ಎಲ್ಲ ಎಲೆಗಳಲ್ಲೂ ದಿನವಿಡೀ ಈ ಮುರಿಯುವುದು ಕಟ್ಟುವುದು ನಡೆದೇ ಇರುತ್ತದೆ. ಕಟ್ಟುವ ವೇಗ ಮುರಿಯುವ ವೇಗಕ್ಕಿಂತ ಹಿಂದೆ ಬಿದ್ದ ದಿನ ಎಲೆ ಸೋಲುತ್ತದೆ. ಕಟ್ಟಲು ಸಾರಜನಕ ಬೇಕು. ಆ ಪಟ್ಟೆಗೆ ನಾನು ಹಾಕುತ್ತಿದ್ದ ಗೊಬ್ಬರ ನೆರಳಿನ ಕಾಲದ ಲೆಕ್ಕದ್ದೇ ಆಗಿತ್ತು. ಬಯಲಲ್ಲಿ ಬೆಳೆಯುವವರು ಅದಕ್ಕೆ ತಕ್ಕ ತಳಿ ಆರಿಸುತ್ತಾರೆ, ಗಿಡಗಳು ಒಂದಕ್ಕೊಂದು ನೆರಳಾಗುವಷ್ಟು ಒತ್ತಾಗಿ ನೆಡುತ್ತಾರೆ, ಗೊಬ್ಬರ ಧಾರಾಳವಾಗಿ ಕೊಡುತ್ತಾರೆ. ಬ್ರೆಜಿಲ್‌ನ ಚಿತ್ರಗಳಲ್ಲಿ ಇದು ಯಾವುದೂ ಕಂಡಿರಲಿಲ್ಲ.

ಮಳೆಯ ನಂತರ ಬಂದ ದಪ್ಪ ಎಲೆಗಳು ಬಿಸಿಲಿಗೆಂದೇ ಹುಟ್ಟಿದವು. ಅವುಗಳಲ್ಲಿ ಆಂಟೆನಾ ಚಿಕ್ಕದು, ರುಬಿಸ್ಕೊ ಹೆಚ್ಚು, ರಕ್ಷಣೆಯ ವರ್ಣದ್ರವ್ಯಗಳೂ ಹೆಚ್ಚು. ಪೂರ್ತಿ ಬಿಚ್ಚಿಕೊಂಡ ಹಳೆಯ ಎಲೆಗೆ ತನ್ನ ದಪ್ಪ ಬದಲಿಸಿಕೊಳ್ಳುವುದು ಸಾಧ್ಯವಿಲ್ಲ. ಗಿಡ ಹೊಂದಿಕೊಳ್ಳುವುದು ಹೊಸ ಎಲೆಯ ಮೂಲಕ, ಅದಕ್ಕೆ ಒಂದು ಚಿಗುರುಗಾಲ ಬೇಕು. ಮರಗಸಿಯನ್ನು ಮಳೆಯ ಹೊಸ್ತಿಲಲ್ಲಿ ಮಾಡುವ ಪದ್ಧತಿಯಲ್ಲಿ ಈ ಸಮಯ ತಾನಾಗಿ ಸಿಗುತ್ತದೆ: ಕೊಂಬೆ ತೆಗೆದ ಕೂಡಲೇ ಮೋಡ, ಮೋಡದಡಿಯಲ್ಲಿ ಚಿಗುರು, ಬಿಸಿಲು ಬರುವಷ್ಟರಲ್ಲಿ ಹೊಸ ಎಲೆ ಸಿದ್ಧ. ಮೇಸ್ತ್ರಿಗೆ ಗೊತ್ತಿದ್ದದ್ದು ಇದೇ. ಅವರ ಬಳಿ ಹೋಗಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹಾಲವಾಣದ ಗೂಟ ಯಾವ ಕಡೆಯಿಂದ ತರಣ ಅಯ್ಯಾ?" ಎಂದು ಕೇಳಿದರು.

ಆ ಜೂನ್‌ನಲ್ಲಿ ಗೂಟ ನೆಟ್ಟೆವು. ಕಾಡುಮರಗಳು ತಾವಾಗಿ ಚಿಗುರಿದವು, ಸತ್ತ ಗಿಡಗಳ ಜಾಗದಲ್ಲಿ ಸಸಿ ಹಾಕಿದೆವು. ಅತ್ತಿ, ಬಸರಿ ಮೊದಲಿನಷ್ಟು ಹರಡಿಕೊಳ್ಳಲು ಇನ್ನೂ ಬಹಳ ವರ್ಷ ಬೇಕು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಎರಡು ಅಂತಸ್ತಿನ ನೆರಳನ್ನು ಹದವಾಗಿ ಉಳಿಸಿಕೊಳ್ಳಿ, ಬೋರರ್‌ಗೆ ಅದೇ ಮೊದಲ ತಡೆ ಎಂದು ಅಲ್ಲಿಂದ ಹೇಳುತ್ತಲೇ ಬಂದಿದ್ದಾರೆ. ನಮ್ಮ ಮನೆಯಿಂದ ಅದು ದೂರವೇನಲ್ಲ. ಮರ ಕಡಿಯುವ ಮುಂಚೆ ಒಮ್ಮೆ ಹೋಗಿ ಕೇಳಬಹುದಿತ್ತು.

ಹೆಚ್ಚುವರಿ ಶಕ್ತಿಯನ್ನು ಬಿಸಿಯಾಗಿ ಹೊರಹಾಕುವ ಎಲೆಯ ರಕ್ಷಣೆಗೂ ಒಂದು ಬೆಲೆ ಇದೆ. ಬಿಸಿಲಿಗೆ ಮೋಡ ಅಡ್ಡ ಬಂದ ಮೇಲೂ ಎಲೆ ಕೆಲವು ನಿಮಿಷ ಶಕ್ತಿಯನ್ನು ಬಿಸಿಯಾಗಿ ಚೆಲ್ಲುತ್ತಲೇ ಇರುತ್ತದೆ, ಆಗ ಅದಕ್ಕೆ ಬೆಳಕು ಬೇಕಾಗಿದ್ದರೂ. ಕೃಷ್ಣ ನಿಯೋಗಿ, ಸ್ಟೀಫನ್ ಲಾಂಗ್ ಮತ್ತು ಅವರ ಸಂಗಡಿಗರು ತಂಬಾಕು ಗಿಡದಲ್ಲಿ ಈ ಮರಳುವಿಕೆಯನ್ನು ಚುರುಕುಗೊಳಿಸಿ, ಹೊಲದಲ್ಲಿ ಬೆಳೆದಾಗ ಗಿಡದ ಒಣತೂಕ ಸುಮಾರು ಶೇಕಡಾ 15ರಷ್ಟು ಹೆಚ್ಚಿದ್ದನ್ನು 2016ರಲ್ಲಿ ಪ್ರಕಟಿಸಿದರು. ನೆರಳಿನ ತೋಟದಲ್ಲಿ ಬಿಸಿಲಿನ ಚುಕ್ಕೆಗಳು ಎಲೆಯಿಂದ ಎಲೆಗೆ ಓಡಾಡುವುದನ್ನು ಈಗ ನಾನು ಈ ತಿಳಿವಿನೊಂದಿಗೆ ನೋಡುತ್ತೇನೆ. ಕೆಲವು ಸೆಕೆಂಡು ಬಂದು ಹೋಗುವ ಆ ಚುಕ್ಕೆಗಳು ಕೆಳಗಿನ ಗಿಡಗಳ ಸಂಪಾದನೆಯಲ್ಲಿ ದೊಡ್ಡ ಪಾಲು ಕೊಡುತ್ತವೆ. ಸುಡುವಷ್ಟು ಹೊತ್ತು ನಿಲ್ಲುವುದಿಲ್ಲ.

ನನ್ನ ಮಾತಿಗೆ ಮರ ತೆಗೆಸಿದ್ದ ಪಕ್ಕದ ತೋಟದವರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರದು ಹೆಚ್ಚಿನ ಪಾಲು ರೋಬಸ್ಟಾ, ಅರೇಬಿಕಾಕ್ಕಿಂತ ಬಿಸಿಲು ತಡೆಯುವ ಗಿಡ. ನಷ್ಟ ನನ್ನಷ್ಟು ಆಗಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಅವರೇ ಫೋನ್ ಮಾಡಿ, ಮೇಲಿನ ಪಟ್ಟೆಯಲ್ಲಿ ಹಲಸಿನ ನೆರಳು ತೀರಾ ದಟ್ಟವಾಗಿ ಹೂವೇ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದರು. ಇಬ್ಬರೂ ಹೋಗಿ ಮರ ಮರ ನೋಡಿದೆವು. ಮೂಡಣ ಕಡೆಯ ಕೊಂಬೆಗಳಿಗೆ ಸುಣ್ಣದ ಗುರುತು ಹಾಕಿದೆವು, ಪಡುವಣ ಕಡೆಯವನ್ನು ಮುಟ್ಟಲಿಲ್ಲ. ಈ ವರ್ಷ ಮೂರರಲ್ಲಿ ಒಂದು ಪಾಲು ತೆಗೆಯುವುದು, ಮಳೆಯ ಚಿಗುರು ಹೇಗೆ ಬರುತ್ತದೆ ನೋಡಿಕೊಂಡು ಉಳಿದದ್ದನ್ನು ಮುಂದಿನ ವರ್ಷ ಯೋಚಿಸುವುದು ಎಂದು ಮಾತಾಯಿತು. ಹತ್ತುವುದಕ್ಕೆ ಆಳು ಜೂನ್ ಮೊದಲ ವಾರ ಸಿಗುತ್ತಾರೆ ಎಂದರು. ಅಷ್ಟರವರೆಗೆ ಕಾಯಿರಿ ಎಂದೆ.